ಗುಂಡಿ ತೂಗುವ ತಕ್ಕಡಿಯಲ್ಲಿ ರೊಟ್ಟಿ ಹಿಟ್ಟು

ಹೋದ ಅಕ್ಟೋಬರ್‌ನಲ್ಲಿ ನಾನು 120 ಪ್ಯಾಂಟುಗಳಿಗೆ ತಪ್ಪು ಲೇಬಲ್ ಹಾಕಿಸಿದೆ. ಸೊಂಟ 36, ಲೇಬಲ್ 34.

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಹನ್ನೊಂದು ಮಷಿನ್. ಕಟಿಂಗ್ ಮತ್ತು ವ್ಯಾಪಾರಿಗಳ ಜೊತೆ ಮಾತುಕತೆ ನಮ್ಮ ಮನೆಯವರದು, ಚೆಕಿಂಗ್ ಮತ್ತು ಲೆಕ್ಕ ನನ್ನದು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಪ್ಯಾಂಟನ್ನು ಮೇಜಿನ ಮೇಲೆ ಹಾಸಿದರೆ ಸಾಕು, ಟೇಪು ಮುಟ್ಟದೆ ಸೊಂಟ ಎಷ್ಟು ಅಂತ ಹೇಳಿಬಿಡುತ್ತೇನೆ. ಅವತ್ತು ಮಾತ್ರ ಕಣ್ಣಿಗೆ ಕಂಡ ಅಂಕಿ ತಲೆಗೆ ಹೋಗಲೇ ಇಲ್ಲ.

ದೀಪಾವಳಿ ಆರ್ಡರ್ ಬೇರೆ. ತಪ್ಪು ಗೊತ್ತಾದ ಮೇಲೆ ನಾನು ಮತ್ತು ಮೂವರು ಹೆಣ್ಣುಮಕ್ಕಳು ಲೇಬಲ್ ಬಿಚ್ಚಲು ಕೂತೆವು. ಬೆಲ್ಟಿನೊಳಗೆ ಸೇರಿಸಿ ಹೊಲಿದ ಲೇಬಲ್ ಅದು, ಎಳೆದರೆ ಬರಲ್ಲ, ದಾರ ಒಂದೊಂದಾಗಿ ಕತ್ತರಿಸಬೇಕು. ಮಧ್ಯಾಹ್ನ ಹನ್ನೆರಡು ಗಂಟೆ ಹೊತ್ತಿಗೆ ಇನ್ನೊಂದು ಬಂಡಲ್ ಎತ್ತೋಣ ಅಂತ ಎದ್ದು ಬಗ್ಗಿದೆ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಬಟ್ಟೆ ರಾಶಿ ಮೇಲೆ ಬಿದ್ದಿದ್ದೆ. ಓವರ್‌ಲಾಕ್ ಮಷಿನ್ ಹುಡುಗಿ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು.

"ಅಕ್ಕಾ, ಮುಂಜಾನೆ ಏನ್ ತಿಂದೀರಿ?"

"ನಿಂಬೆಹಣ್ಣಿನ ನೀರು."

"ಅದು ಕುಡಿಯೋದಲ್ರೀ ಅಕ್ಕಾ. ತಿಂದಿದ್ದೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದೆಲ್ಲ ಶುರುವಾಗಿದ್ದು ಜೂನ್‌ನಲ್ಲಿ. ವಯಸ್ಸು 39, ಎತ್ತರ 155 ಸೆಂಟಿಮೀಟರ್, ತೂಕ 74 ಕೆ.ಜಿ. ದಿನವಿಡೀ ಬೇರೆಯವರ ಸೊಂಟ ಅಳೆಯುವವಳು ನಾನು, ನನ್ನ ಸೊಂಟದ ಸುದ್ದಿಗೇ ಹೋಗಿರಲಿಲ್ಲ. ಸೀರೆ ಉಡುವವರಿಗೆ, ಚೂಡಿದಾರ ಹಾಕುವವರಿಗೆ ಇದೊಂದು ಅನುಕೂಲ ನೋಡಿ. ಲಾಡಿ ಎಂದೂ ನಿಜ ಹೇಳಲ್ಲ, ಎಷ್ಟು ಬೇಕಾದರೂ ಸಡಿಲ ಬಿಡುತ್ತೆ. ಜೀನ್ಸ್ ಹಾಗಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ, ಹೊಲಿಗೆ ವಾರೆಯಾಗಿ ರಿಜೆಕ್ಟ್ ಆಗಿದ್ದ 36ರ ಪ್ಯಾಂಟೊಂದನ್ನು ಸುಮ್ನೆ ಹಾಕಿ ನೋಡಿದೆ. ತೊಡೆಯಿಂದ ಮೇಲೆ ಬರಲಿಲ್ಲ. 38ರದು ಬಂತು, ಗುಂಡಿ ಕೂಡಲಿಲ್ಲ. ನಗುವೂ ಬಂತು, ಬೇಜಾರೂ ಆಯಿತು. ಮರುದಿನದಿಂದ ವಾಕಿಂಗ್.

ಕೋಟೆ ಗುಡ್ಡದ ಬುಡದ ರಸ್ತೆಯಲ್ಲಿ ಬೆಳಿಗ್ಗೆ ಐದೂವರೆಗೆ ಒಂದು ಗಂಟೆ ನಡಿಗೆ. ಜೊತೆಗೆ ಮೊಬೈಲ್‌ನಲ್ಲಿ ನೋಡಿದ ಊಟದ ಪಟ್ಟಿ. ಎದ್ದ ಕೂಡಲೇ ಬಿಸಿನೀರಿಗೆ ನಿಂಬೆ, ಜೇನುತುಪ್ಪ. ತಿಂಡಿ ಇಲ್ಲ. ಮಧ್ಯಾಹ್ನ ಒಂದೇ ರೊಟ್ಟಿ, ಎಣ್ಣೆ ಇಲ್ಲದ ಪಲ್ಯ, ಸೌತೆಕಾಯಿ. ಸಂಜೆ ಸಕ್ಕರೆ ಇಲ್ಲದ ಚಹಾ. ರಾತ್ರಿ ಒಂದು ಲೋಟ ಮಜ್ಜಿಗೆ ಇಲ್ಲವೇ ಒಂದು ಸೇಬು. ಮೊದಲ ಐದು ವಾರದಲ್ಲಿ ಹತ್ತಿರ ಹತ್ತಿರ 4 ಕೆ.ಜಿ. ಇಳಿದೆ. ಎಲ್ಲರೂ "ಏನವ್ವಾ, ಸಣ್ಣಾಗೀಯಲ್ಲ" ಅಂದರು. ಆ ಮಾತು ಊಟಕ್ಕಿಂತ ರುಚಿ ಅನ್ನಿಸಿತು, ಸುಳ್ಳು ಹೇಳಲ್ಲ.

ಆಮೇಲೆ ಮುಳ್ಳು ನಿಂತುಬಿಟ್ಟಿತು. ಆಗಸ್ಟ್ 70, ಸೆಪ್ಟೆಂಬರ್ 70. ಇನ್ನೂ ಸ್ವಲ್ಪ ಕಡಿಮೆ ತಿಂದೆ. ವಾಕಿಂಗ್ ಒಂದೂವರೆ ಗಂಟೆ ಮಾಡಿದೆ. ಆದರೂ 70. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮುಟ್ಟು ಎರಡು ತಿಂಗಳು ಏರುಪೇರಾಯಿತು. ಬಳ್ಳಾರಿಯಂಥ ಊರಿನಲ್ಲಿ ಫ್ಯಾನ್ ಆರಿಸಿ ಹೊದ್ದು ಮಲಗುತ್ತಿದ್ದೆ, ಅಷ್ಟು ಚಳಿ. ಮಕ್ಕಳ ಮೇಲೆ, ಮನೆಯವರ ಮೇಲೆ, ಸೂಜಿ ಮುರಿದವರ ಮೇಲೆ ಸಿಟ್ಟೋ ಸಿಟ್ಟು. ವಯಸ್ಸಾಯಿತು, ಅದಕ್ಕೇ ಹೀಗೆ ಅಂದುಕೊಂಡಿದ್ದೆ.

ತಲೆ ತಿರುಗಿ ಬಿದ್ದ ಮೇಲೆ ಮನೆಯವರು ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿ ಇತ್ತು, ಸಕ್ಕರೆ ಸರಿ ಇತ್ತು. ಹಿಮೋಗ್ಲೋಬಿನ್ 9.4. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದು, ಅಲ್ಲೇ ಇದ್ದ ಡಯಟೀಷಿಯನ್ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ. ಬೈತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಒಂದು ಹಾಳೆ ಕೊಟ್ಟು, "ನಿನ್ನೆ ಎದ್ದಾಗಿನಿಂದ ಮಲಗೋ ತನಕ ತಿಂದಿದ್ದು ಬರೀರಿ. ಕೂತು ತಿಂದಿದ್ದೂ ಬರೀರಿ, ನಿಂತು ತಿಂದಿದ್ದೂ ಬರೀರಿ" ಅಂದಳು.

ನಿಂತು ತಿಂದಿದ್ದು! ಅಲ್ಲಿ ಸಿಕ್ಕಿಬಿದ್ದೆ.

ಯಾಕೆಂದರೆ ಕೂತು ತಿಂದಿದ್ದರ ಪಟ್ಟಿ ನಾಲ್ಕು ಸಾಲಲ್ಲಿ ಮುಗಿಯಿತು. ಅವಳ ಲೆಕ್ಕದಲ್ಲಿ ಎಲ್ಲ ಸೇರಿ 600 ಕ್ಯಾಲರಿಯೂ ದಾಟಲಿಲ್ಲ. ನಿಂತು ತಿಂದಿದ್ದರ ಪಟ್ಟಿ ಬರೆಯೋಕೆ ನಾಚಿಕೆಯಾಯಿತು. ರಾತ್ರಿ ಹತ್ತೂವರೆಗೆ ಅಡುಗೆಮನೆ ದೀಪ ಹಾಕದೆ ಶೇಂಗಾ ಡಬ್ಬಿಗೆ ಕೈ. ಮಗ ಬಿಟ್ಟ ಅರ್ಧ ಚಪಾತಿ. ಬಿಸಾಡೋದ್ಯಾಕೆ ಅಂತ ಬಾಣಲೆ ತಳದ ಒಗ್ಗರಣಿ ಮಂಡಕ್ಕಿ. ಒಂದು ಬೆಲ್ಲದ ಚೂರು, ಮತ್ತೊಂದು ಬೆಲ್ಲದ ಚೂರು. ವಾರಕ್ಕೆ ಎರಡು ಸಲವಂತೂ ಆಳಿನ ಕೈಲಿ ಚಹಾದ ಜೊತೆ ಮಿರ್ಚಿ ತರಿಸಿ, ನಿಂತಲ್ಲೇ ನಾಲ್ಕು. ಒಂದು ಹಿಡಿ ಶೇಂಗಾ ಅಂದರೆ 30 ಗ್ರಾಂ, ಅದರಲ್ಲೇ 170 ಕ್ಯಾಲರಿ. ನನ್ನ ಕೈ ಒಂದು ಹಿಡಿಗೆ ನಿಲ್ಲುತ್ತಿರಲಿಲ್ಲ. ಹಗಲೆಲ್ಲ ಉಪವಾಸದ ದೇಹ ರಾತ್ರಿ ಬಾಕಿ ವಸೂಲಿಗೆ ಬರುತ್ತಿತ್ತು.

ಉಪವಾಸ ಮಾಡಿದರೆ ದೇಹ ತೂಕ ಇಳಿಸೋದನ್ನೇ ನಿಲ್ಲಿಸುತ್ತೆ ಅಂತ ಹೇಳುವವರಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ತಿನ್ನದೇ ಇದ್ದರೆ ಯಾರಾದರೂ ಇಳಿದೇ ಇಳಿಯುತ್ತಾರೆ. ಆದರೆ ಹೇಗೆ ಇಳಿಯುತ್ತಾರೆ ಅನ್ನೋದು ಬೇರೆ ಮಾತು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ದೇಹ ಖರ್ಚು ಕಡಿಮೆ ಮಾಡುತ್ತೆ: ಮೈ ತಣ್ಣಗಾಗುತ್ತೆ, ಕೂತಲ್ಲಿಂದ ಏಳೋಕೆ ಮನಸ್ಸು ಬರಲ್ಲ. ಬೆಳಿಗ್ಗೆ ಒಂದೂವರೆ ಗಂಟೆ ನಡೆದು ಬಂದವಳು ಆಮೇಲೆ ಇಡೀ ದಿನ ಕುರ್ಚಿ ಬಿಡುತ್ತಿರಲಿಲ್ಲ. ಮೊದಲು ಮಷಿನ್ ಹತ್ತಿರ ನಾನೇ ಹೋಗಿ ಪೀಸ್ ನೋಡುತ್ತಿದ್ದೆ. ಈಗ "ಇಲ್ಲಿ ತಗೊಂಡು ಬಾ" ಅನ್ನುತ್ತಿದ್ದೆ. ಅದು ನನಗೆ ಗೊತ್ತೇ ಆಗಿರಲಿಲ್ಲ, ಹುಡುಗಿಯರು ಹೇಳಿದ ಮೇಲೆ ಗೊತ್ತಾಗಿದ್ದು.

ನನ್ನ ಮಗಳು ನರ್ಸಿಂಗ್ ಓದುತ್ತಾಳೆ. ಅವಳು ಒಂದು ರಾತ್ರಿ ಮೊಬೈಲ್ ಹಿಡಿದು ಓದಿ ಹೇಳಿದಳು. 1944ರಲ್ಲಿ, ಯುದ್ಧದ ಕಾಲದಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ಮಾಡಿದರಂತೆ. ತಾವಾಗಿಯೇ ಒಪ್ಪಿ ಬಂದ 36 ಜನ ಗಟ್ಟಿಮುಟ್ಟು ಗಂಡಸರು. ಅವರಿಗೆ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲರಿ ಊಟ, ಅದರ ಮೇಲೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ತೂಕದಲ್ಲಿ ನಾಲ್ಕನೇ ಒಂದು ಪಾಲು ಇಳಿಯಿತು. ಜೊತೆಗೆ ಚಳಿ, ಸಿಟ್ಟು, ಯಾವುದರಲ್ಲೂ ಮನಸ್ಸಿಲ್ಲ. ಹಗಲು ರಾತ್ರಿ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಕೂಡಿಡೋಕೆ ಶುರು ಮಾಡಿದರಂತೆ! ನಾನು ಮಗಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ನಾನು ಮೈಸೂರು ಪಾಕ್ ಮಾಡುವ ವಿಡಿಯೋ ನೋಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ನನ್ನ ಜನ್ಮದಲ್ಲಿ ಮೈಸೂರು ಪಾಕ್ ಮಾಡಿದವಳಲ್ಲ ನಾನು.

ಡಯಟೀಷಿಯನ್ ಹುಡುಗಿ ಲೆಕ್ಕ ಬಿಡಿಸಿ ಹೇಳಿದ್ದು ಹೀಗೆ. ನಾನು ಏನೂ ಮಾಡದೆ ಮಲಗಿಕೊಂಡೇ ಇದ್ದರೂ, ಹೃದಯ ಬಡಿಯೋಕೆ, ಉಸಿರಾಡೋಕೆ, ಮೈ ಬೆಚ್ಚಗಿಡೋಕೆ ದಿನಕ್ಕೆ ಸುಮಾರು 1,300 ಕ್ಯಾಲರಿ ಬೇಕು. ನಡಿಗೆ, ಯೂನಿಟ್ ಓಡಾಟ, ಮನೆಗೆಲಸ ಸೇರಿಸಿದರೆ 1,900ರ ಹತ್ತಿರ. ಅದರಲ್ಲಿ 300-350 ಕಡಿಮೆ ತಿಂದರೆ ಸಾಕು, ಅಂದರೆ 1,550. "ಇದಕ್ಕಿಂತ ಕಡಿಮೆ ಯಾಕೆ ತಿಂತೀರಿ?" ಅಂತ ಕೇಳಿದಳು. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ 2020ರ ಲೆಕ್ಕದಲ್ಲಿ, ಹೆಚ್ಚಾಗಿ ಕೂತೇ ಕೆಲಸ ಮಾಡುವ 55 ಕೆ.ಜಿ. ಹೆಂಗಸಿಗೇ ದಿನಕ್ಕೆ 1,660 ಕ್ಯಾಲರಿ ಬೇಕು. ಮಧ್ಯಮ ಶ್ರಮದ ಕೆಲಸ ಮಾಡುವವಳಿಗೆ 2,130. ನಾನು 600 ತಿಂದು ಗುಡ್ಡ ಸುತ್ತುತ್ತಿದ್ದೆ.

1,550 ಅಂದಾಗ ನನಗೆ ಖುಷಿ ಆಗಬೇಕಿತ್ತು ಅಲ್ವಾ? ಭಯ ಆಯಿತು. ಅಷ್ಟು ತಿಂದರೆ ಊದಿಕೊಳ್ಳಲ್ವಾ? ನಾಲ್ಕು ತಿಂಗಳು ಊಟವನ್ನು ವೈರಿ ಥರ ನೋಡಿದ್ದೆ. ತಟ್ಟೆಗೆ ಎರಡನೇ ರೊಟ್ಟಿ ಹಾಕಿಕೊಳ್ಳುವಾಗ ಕೈ ನಡುಗಿತು ಅಂದರೆ ನೀವು ನಗಬಹುದು.

ಆ ಸಮಯಕ್ಕೆ ಅವ್ವ ಬಂದಳು. ನಮ್ಮ ತವರು ಕುರುಗೋಡು ಕಡೆಯ ಹಳ್ಳಿ. ಅವ್ವ ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯೋಕೆ, ಹಣ್ಣು ಬಿಡಿಸೋಕೆ ಕೂಲಿಗೆ ಹೋಗಿ ನಮ್ಮನ್ನು ಸಾಕಿದವಳು. ಈಗ 68 ವರ್ಷ, ಇವತ್ತಿಗೂ ಕಡ್ಡಿಯ ಹಾಗೆ ಇದ್ದಾಳೆ. ಅವಳು ಬಂದಾಗ ನಾನು ಅಡುಗೆಮನೆಯಲ್ಲಿ ರೊಟ್ಟಿ ಹಿಟ್ಟು ತೂಗುತ್ತಿದ್ದೆ. ಗುಂಡಿ, ರಿವೆಟ್ ತೂಗೋಕೆ ಯೂನಿಟ್‌ನಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಟಿದ್ದೆವು, ಅದನ್ನೇ ಒರೆಸಿ ಮನೆಗೆ ತಂದಿದ್ದೆ.

ಅವ್ವ ಬಾಗಿಲಲ್ಲೇ ನಿಂತು ನೋಡಿದಳು. "ಏನವ್ವಾ, ಹಿಟ್ಟು ಮಾರಾಕ ಇಟ್ಟೀಯೇನು?"

ವಿಷಯ ಹೇಳಿದೆ. ಬಿದ್ದಿದ್ದನ್ನೂ ಹೇಳಿದೆ. ಅವಳಿಗೆ ಯಾರೂ ತಿಳಿಸಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಉಣ್ಣದ ಹೊಲಕ್ಕ ಹೋದ್ರ ಸಾಲು ಮುಗೀತಾವೇನ? ಮುಂಜಾನೆ ಎರಡು ರೊಟ್ಟಿ ತಿಂದು, ಬುತ್ತಿಗೆ ಮೂರು ಕಟ್ಟಿಕೊಂಡು ಹೋಗ್ತಿದ್ವಿ. ಯಾವಾಕಿ ದಪ್ಪಾಗಿದ್ಲು ಹೇಳು" ಅಂದಳು. ಸೀರೆ ಸೆರಗು ಸಿಕ್ಕಿಸಿ, ನನ್ನನ್ನು ಸರಿಸಿ, ಹಿಟ್ಟು ನಾದುವ ಕೊಣಮಿಗೆಗೆ ಕೈ ಹಾಕಿದಳು. ಬಿಸಿನೀರು ಹೊಯ್ದು ನಾದಿ ಉಂಡೆ ಕಟ್ಟಿದಳು. ನಾನು ಸುಮ್ಮನಿರದೆ ಒಂದೊಂದು ಉಂಡೆಗೂ ಎಷ್ಟು ಒಣ ಹಿಟ್ಟು ಹೋಯಿತು ಅಂತ ಲೆಕ್ಕ ಹಾಕಿದೆ. 54, 56, 55, 55. ಐವತ್ತು ವರ್ಷ ರೊಟ್ಟಿ ಬಡಿದ ಕೈ. ತಕ್ಕಡಿ ನೋಡಿ ನಾನೇ ಬಾಯಿ ಮುಚ್ಚಿದೆ.

55 ಗ್ರಾಂ ಜೋಳದ ಹಿಟ್ಟಿಗೆ ಸುಮಾರು 185 ಕ್ಯಾಲರಿ, ಐದೂವರೆ ಗ್ರಾಂ ಪ್ರೋಟೀನ್. ಎಣ್ಣೆ ಒಂದು ಹನಿ ಇಲ್ಲ. ರೊಟ್ಟಿ ದಪ್ಪ ಮಾಡುತ್ತೆ ಅಂತ ಕಡಿಮೆ ಮಾಡಿ, ಓಟ್ಸ್ ಡಬ್ಬಿಯನ್ನೂ ತಂದಿಟ್ಟವಳು ನಾನೇ. ಓಟ್ಸ್ ಕೆಟ್ಟದ್ದು ಅಂತ ಅಲ್ಲ. ಆದರೆ ಅದನ್ನು ತಿಂದು ನನಗೆ ಊಟ ಆಯಿತು ಅಂತ ಅನ್ನಿಸಲೇ ಇಲ್ಲ. ರೊಟ್ಟಿಯನ್ನು ಅಗಿಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಹೊಟ್ಟೆಗೂ ಸುದ್ದಿ ಮುಟ್ಟುತ್ತೆ.

ಈಗಿನ ನನ್ನ ಊಟ ಹೇಳ್ತೀನಿ. ಇದು ನನಗೆ ಹೊಂದಿದ್ದು, ಇದನ್ನೇ ಮಾಡಿ ಅಂತಲ್ಲ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ತಮ್ಮ ಡಾಕ್ಟರನ್ನು ಕೇಳಲೇಬೇಕು.

ವಾಕಿಂಗ್‌ಗೆ ಹೋಗುವ ಮುಂಚೆ ಒಂದು ಬಾಳೆಹಣ್ಣು. ಖಾಲಿ ಹೊಟ್ಟೆಯಲ್ಲಿ ನಡೆದರೆ ಕೊಬ್ಬು ಬೇಗ ಕರಗುತ್ತೆ ಅಂತ ನಂಬಿದ್ದೆ. ದಿನದ ಒಟ್ಟು ಲೆಕ್ಕವೇ ಮುಖ್ಯ, ಒಂದು ಬಾಳೆಹಣ್ಣಿನಿಂದ ಏನೂ ಕೆಡಲ್ಲ. ನಡಿಗೆ ಮಾತ್ರ ಚುರುಕಾಯಿತು. ಮೊದಲು ಒಂದೂವರೆ ಗಂಟೆ ಕಾಲೆಳೆಯುತ್ತಿದ್ದೆ, ಈಗ ಮುಕ್ಕಾಲು ಗಂಟೆ ಬಿರಬಿರನೆ ನಡೆಯುತ್ತೇನೆ. ಬಂದ ಮೇಲೆ ಹದಿನೈದು ನಿಮಿಷ ಕುಕ್ಕರಗಾಲಲ್ಲಿ ಕೂತು ಏಳೋದು, ಐದೈದು ಲೀಟರಿನ ಎರಡು ನೀರಿನ ಕ್ಯಾನ್ ಎತ್ತಿ ಇಳಿಸೋದು. ಸ್ನಾಯು ಉಳಿಯಬೇಕು ಅಂದರೆ ಅದಕ್ಕೆ ಕೆಲಸವೂ ಬೇಕು, ಪ್ರೋಟೀನೂ ಬೇಕು ಅಂತ ಆ ಹುಡುಗಿ ಹೇಳಿದ್ದಳು.

ಎಂಟು ಗಂಟೆಗೆ ಒಂದು ರೊಟ್ಟಿ, ಎರಡು ಮೊಟ್ಟೆ, ಹಸಿ ಉಳ್ಳಾಗಡ್ಡಿ. ಸೋಮವಾರ, ಶನಿವಾರ ನಮ್ಮಲ್ಲಿ ಮೊಟ್ಟೆ ಇಲ್ಲ. ಅವತ್ತು ಮೊಳಕೆ ಬಂದ ಮಡಿಕೆ ಕಾಳಿನ ಪಲ್ಯ. ಒಂದು ಮೊಟ್ಟೆಯಲ್ಲಿ 70ರ ಸುಮಾರು ಕ್ಯಾಲರಿ, 6 ಗ್ರಾಂ ಪ್ರೋಟೀನ್. ಆರೇಳು ರೂಪಾಯಿಗೆ ಇದಕ್ಕಿಂತ ಒಳ್ಳೆ ವ್ಯಾಪಾರ ನನಗಂತೂ ಗೊತ್ತಿಲ್ಲ. ಪ್ರೋಟೀನ್ ಪುಡಿ ಮಾರುವವರು ಒಬ್ಬರು ನಮ್ಮ ಯೂನಿಟ್ ತನಕ ಬಂದಿದ್ದರು. ಡಬ್ಬಿ ಬೆಲೆ ಕೇಳಿ, ಅಷ್ಟು ದುಡ್ಡಿಗೆ ಎಷ್ಟು ಟ್ರೇ ಮೊಟ್ಟೆ ಬರುತ್ತೆ ಅಂತ ಲೆಕ್ಕ ಹಾಕಿ ಹೇಳಿದೆ. ಚಹಾ ಕುಡಿದು ಹೋದರು.

ಮಧ್ಯಾಹ್ನ ಒಂದೂವರೆಗೆ ದೊಡ್ಡ ಊಟ. ಎರಡು ರೊಟ್ಟಿ, ಬ್ಯಾಳಿ ಇಲ್ಲವೇ ಪುಂಡಿಪಲ್ಯ, ಒಂದು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಬಟ್ಟಲು ಮೊಸರು. ಪುಂಡಿಪಲ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು. ಪುಂಡಿ ಸೊಪ್ಪು, ತೊಗರಿ ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ. ಸೊಪ್ಪೂ ಆಯಿತು, ಬೇಳೆಯೂ ಆಯಿತು, ಹುಳಿ ಬೇರೆ ಹಾಕಬೇಕಾಗಿಲ್ಲ. ಕೆಡುವುದು ಒಗ್ಗರಣೆಯಲ್ಲಿ. ನಾವು ಎಣ್ಣೆ ಹಾಕುವುದು ಚಮಚದಲ್ಲಲ್ಲ, ಬಾಟಲಿಯಿಂದಲೇ ಸುರಿಯುತ್ತೇವೆ. ರೊಟ್ಟಿಯ ಹಿಟ್ಟಿನಲ್ಲಿ ಒಂದು ಗ್ರಾಂಗೆ ಮೂರು ಚಿಲ್ಲರೆ ಕ್ಯಾಲರಿ, ಎಣ್ಣೆಯಲ್ಲಿ 9. ಸಣ್ಣ ಚಮಚ ಒಂದಕ್ಕೆ 45. ನಮ್ಮ ಅತ್ತಿ (ಮನೆಯವರ ಅವ್ವ) ಮಾಡುವ ಎಣ್ಣೆಗಾಯಿ ಬದನೆಕಾಯಿಯಲ್ಲಿ ಮೇಲೆ ತೇಲುವ ಎಣ್ಣೆಯನ್ನು ನಾನು ಒಮ್ಮೆ ಬಟ್ಟಲಿಗೆ ಬಸಿದು ತೂಗಿದೆ. ಆ ಅಂಕಿ ಇಲ್ಲಿ ಬರೆಯಲ್ಲ. ಮನೆಯಲ್ಲಿ ಶಾಂತಿ ಇರಬೇಕಲ್ಲ.

ಊಟದ ಜೊತೆ ಚಹಾ ಬಿಟ್ಟೆ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತೆ, ನಿಂಬೆಹಣ್ಣು ಹತ್ತೋಕೆ ಸಹಾಯ ಮಾಡುತ್ತೆ. ಹಾಗಾಗಿ ಆ ನಿಂಬೆಹಣ್ಣು ಬೆಳಗಿನ ನೀರಿನಿಂದ ಮಧ್ಯಾಹ್ನದ ಪಲ್ಯಕ್ಕೆ ಬಂತು, ಚಹಾ ಒಂದು ಗಂಟೆ ಮುಂದಕ್ಕೆ ಹೋಯಿತು. ಜೇನುತುಪ್ಪ ಮಗನ ಪಾಲಾಯಿತು. ತೂಕ ಇಳಿಸೋಕೆ ಅಂತ ದಿನಾ ಒಂದು ದೊಡ್ಡ ಚಮಚ ಜೇನು, ಅಂದರೆ 60 ಕ್ಯಾಲರಿ ಸಕ್ಕರೆ, ನಿಷ್ಠೆಯಿಂದ ಕುಡಿದಿದ್ದೆ.

ಐದು ಗಂಟೆಗೆ ಪುಟಾಣಿ (ಹುರಿಗಡಲೆ), ಶೇಂಗಾ ಸೇರಿ ಒಂದು ಹಿಡಿ, ಬಟ್ಟಲಿಗೆ ಹಾಕಿಕೊಂಡು. ಡಬ್ಬಿಯಿಂದ ನೇರ ಅಲ್ಲ. ರಾತ್ರಿ ಎಂಟಕ್ಕೆ ಒಂದು ರೊಟ್ಟಿ ಅಥವಾ ಒಂದು ಬಟ್ಟಲು ಅನ್ನ, ಬೇಳೆ ಸಾರು, ಮೊಸರು. ಎಲ್ಲ ಕೂಡಿದರೆ 1,550-1,600. ಪ್ರೋಟೀನ್ 60 ಗ್ರಾಂ ಆಸುಪಾಸು.

ಮೊದಲ ವಾರ ಏನಾಯಿತು ಗೊತ್ತಾ? ತೂಕ 900 ಗ್ರಾಂ ಏರಿತು. ಬೆಳಿಗ್ಗೆ ತೂಕ ನೋಡುವ ಮಷಿನ್ ಮೇಲೆ ನಿಂತು ಅತ್ತುಬಿಟ್ಟೆ. ಅತ್ತಿ ಹೊರಗಿನಿಂದಲೇ, "ತಿಂದು ತಿಂದು ಇಳಸ್ತಾಳಂತ ತೂಕ" ಅಂದರು. ಡಯಟೀಷಿಯನ್‌ಗೆ ಫೋನ್ ಮಾಡಿದೆ. ಅವಳು ನಕ್ಕು, ಅದು ಕೊಬ್ಬಲ್ಲ ಅಂದಳು. ದೇಹ ತನ್ನ ಇಂಧನವನ್ನು ಸ್ನಾಯು, ಲಿವರ್‌ನಲ್ಲಿ ಕೂಡಿಡುತ್ತೆ, ಗ್ಲೈಕೋಜನ್ ಅಂತ ಅದರ ಹೆಸರು. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಕೂರುತ್ತೆ. ಖಾಲಿಯಾಗಿದ್ದ ಉಗ್ರಾಣ ತುಂಬಿತು, ಅಷ್ಟೇ. ಮೊದಲ ಐದು ವಾರದಲ್ಲಿ ನಾನು ಇಳಿಸಿದ 4 ಕೆ.ಜಿ.ಯಲ್ಲೂ ಈ ನೀರಿನ ಪಾಲು ಚೆನ್ನಾಗಿಯೇ ಇತ್ತಂತೆ. ಅದಕ್ಕೆ ಅಲ್ವಾ ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದು!

ಎರಡನೇ ವಾರ ಅಲ್ಲೇ ನಿಂತಿತು. ಮೂರನೇ ವಾರ 400 ಗ್ರಾಂ ಇಳಿಯಿತು. ಆಮೇಲೆ ವಾರಕ್ಕೆ 300, ಒಮ್ಮೆ 200, ಒಮ್ಮೆ ಏನೂ ಇಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತೆ. ದಿನಕ್ಕೆ 330 ಕಡಿಮೆ ತಿಂದರೆ ವಾರಕ್ಕೆ 300 ಗ್ರಾಂ, ಲೆಕ್ಕ ಅಷ್ಟೇ. ಹತ್ತು ದಿನಕ್ಕೆ ಐದು ಕಿಲೋ ಅನ್ನುವವರು ಯಾವ ಲೆಕ್ಕ ಕಲಿತವರೋ. ಈಗ ಮಾರ್ಚ್. ನನ್ನ ತೂಕ 66. ಹಿಮೋಗ್ಲೋಬಿನ್ 11.8, ಇನ್ನೂ ಸ್ವಲ್ಪ ಬಾಕಿ. ಕೂದಲು ಉದುರೋದು ನಿಲ್ಲೋಕೆ ಜನವರಿ ತನಕ ಹೊತ್ತು ಹಿಡಿಯಿತು. ಮುಟ್ಟು ಸರಿಯಾಯಿತು. ರಾತ್ರಿ ಶೇಂಗಾ ಡಬ್ಬಿ ನನ್ನನ್ನು ಕರೆಯುವುದನ್ನು ನಿಲ್ಲಿಸಿದೆ. ಇದಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೂ ಇಲ್ಲ. ಹಸಿವಿಲ್ಲ, ಅಷ್ಟೇ.

ಕಷ್ಟದ್ದು ಕ್ಯಾಲರಿ ಲೆಕ್ಕ ಅಲ್ಲ, ಒಂದೂವರೆಗೆ ಕೂತು ಉಣ್ಣೋದು. ನಮ್ಮ ಮನೆಗಳಲ್ಲಿ ಹೆಂಗಸರು ಊಟ ಮಾಡೋದು ಎಲ್ಲರದೂ ಮುಗಿದ ಮೇಲೆ. ಗಂಡಸರು ಉಂಡು, ಮಕ್ಕಳು ಉಂಡು, ಬಂದವರು ಉಂಡು, ಉಳಿದಿದ್ದು ನಮಗೆ. ಪಲ್ಯ ಮುಗಿದಿದ್ದರೆ ಹಿಂಡಿ, ಮೊಸರು ಮುಗಿದಿದ್ದರೆ ನೀರು ಮಜ್ಜಿಗೆ. ಮೂರು ಗಂಟೆಗೆ ಒಣಗಿದ ರೊಟ್ಟಿ. ಯಾರೂ ಬೇಡ ಅಂದಿರಲ್ಲ, ನಾವೇ ಹಾಗೆ ರೂಢಿ ಮಾಡಿಕೊಂಡಿರುತ್ತೇವೆ. ನಾನು ಈಗ ಮನೆಯವರ ಜೊತೆಯೇ ಕೂತು ಉಣ್ಣುತ್ತೇನೆ. ಶುರುವಿನಲ್ಲಿ ಅತ್ತಿ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಒಂದು ದಿನ ನಾನೇ ಅವರಿಗೂ ತಟ್ಟೆ ಹಾಕಿ, "ಬರ್ರಿ ಅತ್ತಿ, ಬಿಸಿ ಇದ್ದಾಗ ಉಣ್ರಿ" ಅಂದೆ. ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೂತರು. ಎರಡು ರೊಟ್ಟಿ ಉಂಡರು. ತೂಕದ ಮಾತು ಆಮೇಲೆ ಬಂದಿಲ್ಲ.

ಯೂನಿಟ್‌ನಲ್ಲೂ ಒಂದು ಬದಲಾವಣೆ ಆಯಿತು. ನಮ್ಮಲ್ಲಿ ಏಳು ಹೆಣ್ಣುಮಕ್ಕಳು ಮಷಿನ್ ಮೇಲೆ ಕೂರುತ್ತಾರೆ. ಯಾರು ತಿಂಡಿ ತಿಂದು ಬರುತ್ತಾರೆ ಅಂತ ಕೇಳಿದರೆ ಇಬ್ಬರು ಮಾತ್ರ ಕೈ ಎತ್ತಿದರು. ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಡಬ್ಬಿ ಕಟ್ಟಿ, ಚಹಾ ಕುಡಿದು ಓಡಿ ಬಂದವರೇ ಎಲ್ಲ. ಹನ್ನೊಂದು ಗಂಟೆಗೆ ಒಂದು ಡಬ್ಬಿ ಇಡುತ್ತೇನೆ ಈಗ. ಪುಟಾಣಿ, ಶೇಂಗಾ, ಬೆಲ್ಲ. ಹತ್ತು ನಿಮಿಷ ಮಷಿನ್ ನಿಲ್ಲುತ್ತೆ. ಮನೆಯವರು ಮೊದಲು ಗೊಣಗಿದರು. ಆಮೇಲೆ ಹನ್ನೆರಡರ ಹೊತ್ತಿನ ತಪ್ಪು ಪೀಸ್ ಕಡಿಮೆ ಆಗಿದ್ದು ಅವರ ಕಣ್ಣಿಗೇ ಬಿತ್ತು, ಈಗ ಡಬ್ಬಿ ಖಾಲಿ ಆದರೆ ಅವರೇ ತುಂಬಿಸುತ್ತಾರೆ. ಓವರ್‌ಲಾಕ್ ಹುಡುಗಿ ಮಾತ್ರ ನನ್ನನ್ನು ದಿನಾ ಕೇಳುತ್ತಾಳೆ, "ಅಕ್ಕಾ, ಇವತ್ತು ತಿಂದಿದ್ದಾ, ಕುಡಿದಿದ್ದಾ?"

ಭಾನುವಾರ ಕೋಟೆ ಗುಡ್ಡ ಹತ್ತುತ್ತೇನೆ. ಬರೀ ಬಂಡೆ, ಏಳು ಗಂಟೆ ದಾಟಿದರೆ ಹೆಂಚಿನ ಥರ ಕಾಯುತ್ತೆ, ಅದಕ್ಕೇ ಬೇಗ ಹೋಗಬೇಕು. ಈ ಕೋಟೆಯದೊಂದು ಕಥೆ ಹೇಳುತ್ತಾರೆ. ಹೈದರಾಲಿ ಇದನ್ನು ಗಟ್ಟಿ ಮಾಡಿಸೋಕೆ ಒಬ್ಬ ಫ್ರೆಂಚ್ ಎಂಜಿನಿಯರ್‌ನನ್ನು ಇಟ್ಟಿದ್ದನಂತೆ. ಕೆಲಸ ಎಲ್ಲ ಮುಗಿದ ಮೇಲೆ ನೋಡಿದರೆ, ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿಂದ ಯಾರು ಬೇಕಾದರೂ ಕೋಟೆಗೆ ಗುರಿ ಇಡಬಹುದು. ಸಿಟ್ಟಿಗೆ ಎಂಜಿನಿಯರ್‌ನನ್ನು ನೇಣಿಗೆ ಹಾಕಿಸಿದನಂತೆ. ನಿಜವೋ ಸುಳ್ಳೋ. ಮೇಲೆ ನಿಂತು ಕುಂಬಾರ ಗುಡ್ಡ ನೋಡಿದಾಗಲೆಲ್ಲ ನನಗೆ ಆ 120 ಪ್ಯಾಂಟು ನೆನಪಾಗುತ್ತೆ. ನನ್ನನ್ನು ಯಾರೂ ನೇಣಿಗೆ ಹಾಕಲಿಲ್ಲ, ರಾತ್ರಿ ಎರಡರ ತನಕ ಲೇಬಲ್ ಬಿಚ್ಚಿಸಿದರು.

ಇಳಿದು ಬಂದ ಮೇಲೆ ಒಗ್ಗರಣಿ ಮತ್ತು ಮಿರ್ಚಿ. ಹೌದು, ಬಿಟ್ಟಿಲ್ಲ. ಬಳ್ಳಾರಿಯಲ್ಲಿದ್ದು ಮಿರ್ಚಿ ಬಿಡೋದಾದರೆ ಊರು ಬಿಡಬೇಕು. ಆದರೆ ಕೂತು ತಿನ್ನುತ್ತೇನೆ. ಎರಡು ಸಾಕಾಗುತ್ತೆ. ಹಸಿದು ಸತ್ತವಳ ಥರ ನಾಲ್ಕು ನುಂಗುತ್ತಿದ್ದಾಗ ಅದರ ಖಾರ ಕೂಡ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ.

ರಿಜೆಕ್ಟ್ ಆದ ಆ 36ರ ಪ್ಯಾಂಟು ಇನ್ನೂ ನನ್ನ ಹತ್ತಿರವೇ ಇದೆ. ಹೋದ ವಾರ ಹಾಕಿ ನೋಡಿದೆ. ಗುಂಡಿ ಕೂಡಿತು, ಉಸಿರು ಬಿಗಿ ಹಿಡಿದರೆ. ಕೂತರೆ ಹಾರಿಹೋಗುತ್ತೆ ಅಂತ ಬಿಚ್ಚಿಟ್ಟೆ. ಮಗಳು ಫೋಟೋ ತೆಗೀತೀನಿ ಅಂದಳು, ಬೇಡ ಅಂದೆ.

ಇನ್ನೇನು ಯುಗಾದಿ ಬಂತು. ಅವ್ವ ಬರುತ್ತಾಳೆ, ಹೋಳಿಗೆ ಅವಳ ಕೈಯಲ್ಲೇ ಆಗಬೇಕು. ಎರಡು ಹೋಳಿಗೆ, ಮೇಲೆ ತುಪ್ಪ, ಮಾವಿನಕಾಯಿ ಚಿತ್ರಾನ್ನ, ಕಟ್ಟಿನ ಸಾರು. ತಕ್ಕಡಿಯನ್ನು ನಿನ್ನೆಯೇ ಒರೆಸಿ ಯೂನಿಟ್‌ಗೆ ವಾಪಸ್ ಇಟ್ಟು ಬಂದೆ. ಎರಡು ಚೀಲ ರಿವೆಟ್ ಬಂದು ಬಿದ್ದಿವೆ, ತೂಗಬೇಕು.